ಕನಸಿನ ಅರಿವು ಏಳು ದಿನದಲ್ಲಿ ಕೈಗೂಡುವಂಥದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಲೂಸಿಡ್ ಡ್ರೀಮ್ ಬಗ್ಗೆ, ಅಂದರೆ ಕನಸು ಬೀಳುತ್ತಿರುವಾಗಲೇ ಇದು ಕನಸು ಎಂದು ನಮಗೆ ಗೊತ್ತಾಗುವ ಬಗ್ಗೆ, ಬಂದ ಬರಹವನ್ನು ಎರಡು ಸಲ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಬಂತಲ್ಲ ಎಂದು ಸಂತೋಷವಾಯಿತು. ಆದರೆ ‘ಏಳೇ ದಿನದಲ್ಲಿ ಕಲಿಯಿರಿ’ ಎಂಬ ತಲೆಬರಹ ನೋಡಿ ಸಂಕಟವೂ ಆಯಿತು. ಅದನ್ನು ನಂಬಿ ಶುರು ಮಾಡಿದವನು ಎಂಟನೇ ದಿನ ಬೆಳಗ್ಗೆ ಬರಿಗೈಲಿ ಎದ್ದು, ಇದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದು ಬಿಟ್ಟುಬಿಡುತ್ತಾನೆ. ನಾನೂ ಒಮ್ಮೆ ಬಿಟ್ಟವನೇ. ಮತ್ತೆ ಹೇಗೆ ಹಿಡಿದೆ ಎಂಬುದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು 29 ವರ್ಷ ಬಸ್ ಓಡಿಸಿದವನು. ಅದರಲ್ಲಿ 18 ವರ್ಷ ಚಾರ್ಮಾಡಿ ಘಾಟಿಯದೇ ರೂಟು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಏರ್ ಗೇಜಿನ ಮುಳ್ಳು ನೋಡಿ, ಇಳಿಯಲು ಶುರು ಮಾಡಿದರೆ ಮಳೆಗಾಲದಲ್ಲಿ ಮುಂದಿನ ತಿರುವು ಕಾಣಿಸದಷ್ಟು ಮಂಜು. ದೇವರ ದಯೆಯಿಂದ ಒಂದೂ ಅಪಘಾತವಾಗದೆ ನಿವೃತ್ತನಾದೆ. ಕೆಟ್ಟ ಕನಸು ಹತ್ತಿಕೊಂಡದ್ದು ಆಮೇಲೆ. ಬಸ್ಸಿನ ತುಂಬ ಜನ, ಹಿಂದೆಲ್ಲೋ ಮಗು ಅಳುತ್ತಿದೆ, ಘಾಟಿ ಇಳಿಯುತ್ತಿದ್ದೇನೆ. ಬ್ರೇಕ್ ತುಳಿದರೆ ಹತ್ತಿಯ ಮೂಟೆ ಮೇಲೆ ಕಾಲಿಟ್ಟ ಹಾಗೆ ಪೆಡಲ್ ತಳದವರೆಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎಚ್ಚರವಾದಾಗ ಬನಿಯನ್ ನೆನೆದಿರುತ್ತಿತ್ತು, ಬಲಗಾಲಿನ ಮೀನಖಂಡ ಕಲ್ಲಾಗಿರುತ್ತಿತ್ತು. ನನ್ನ ಹೆಂಡತಿ ದೀಪ ಹಾಕಿ, ನೀರಿನ ಚೊಂಬು ಕೈಗೆ ಕೊಟ್ಟು, “ಏನ್ರೀ, ಮತ್ತೆ ಘಾಟಿ ಇಳಿದ್ರಾ?” ಎಂದು ಕೇಳುತ್ತಿದ್ದಳು. ವಾರಕ್ಕೆ ಎರಡು ಮೂರು ಸಲ ಇದೇ ಪಾಡು. ಮೊದಲು ವೈದ್ಯರ ಹತ್ತಿರವೇ ಹೋದೆ. ಕನಸಿನ ನಿದ್ರೆಯಲ್ಲಿ ಸಾಮಾನ್ಯವಾಗಿ ಮೈ ಸಡಿಲವಾಗಿ ಬಿದ್ದಿರುತ್ತದಂತೆ, ಹಾಗಾಗಿ ನಿದ್ರೆಯಲ್ಲೇ ಕೈ ಬೀಸುವವರು, ಒದೆಯುವವರು ಇದ್ದರೆ ಅವರನ್ನು ಬೇರೆಯೇ ಪರೀಕ್ಷೆ ಮಾಡಬೇಕು ಎಂದು ಅವರು ವಿವರಿಸಿದರು. ನನಗೆ ಆ ತೊಂದರೆ ಇರಲಿಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಅಂಥವರು ನನ್ನ ಪತ್ರ ಓದಿ ಪುಸ್ತಕ ಪೆನ್ಸಿಲ್ ಹಿಡಿದು ಕೂರಬಾರದು, ಡಾಕ್ಟರಿಗೆ ತೋರಿಸಬೇಕು.

ಲೂಸಿಡ್ ಡ್ರೀಮ್ ಎಂಬ ಮಾತನ್ನು ನನಗೆ ಮೊದಲು ಹೇಳಿದ್ದು ತಂಗಿಯ ಮಗಳು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾಳೆ. “ಮಾವ, ಇದು ಕನಸು ಅಂತ ಒಳಗಿದ್ದಾಗಲೇ ಗೊತ್ತಾದ್ರೆ ಹೆದರಿಕೆ ಎಲ್ಲಿರುತ್ತೆ?” ಅಂದಳು. ನಾನು ನಂಬಲಿಲ್ಲ. ಅವಳು ಬಿಡಲಿಲ್ಲ, ಒಂದೊಂದೇ ಓದಿ ಕನ್ನಡದಲ್ಲಿ ಹೇಳಿದಳು. ಈ ಹೆಸರನ್ನು ಬಳಕೆಗೆ ತಂದವರು ಹಾಲೆಂಡಿನ ಫ್ರೆಡರಿಕ್ ವಾನ್ ಈಡನ್, 1913ರಲ್ಲಿ. ಆದರೆ ಇದು ಬಾಯಿಮಾತಲ್ಲ ಎಂದು ಮೊದಲು ಪ್ರಯೋಗಾಲಯದಲ್ಲಿ ದಾಖಲಾದದ್ದು 1975ರಲ್ಲಿ, ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ. ಕೀತ್ ಹರ್ನ್ ಎಂಬ ಸಂಶೋಧಕರು ಅಲನ್ ವರ್ಸ್ಲಿ ಎಂಬವರ ಜೊತೆ ಮೊದಲೇ ಮಾತಾಡಿಕೊಂಡಿದ್ದರು: ಕನಸೆಂದು ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು. ಮೈಯೆಲ್ಲ ಸಡಿಲವಾಗಿದ್ದರೂ ಆಗ ಕಣ್ಣು ಆಡುತ್ತದೆ. ಕಣ್ಣಿನ ಚಲನೆ ದಾಖಲಿಸುವ ಯಂತ್ರ ಆ ಗುರುತನ್ನು ಹಿಡಿಯಿತು. ಕೆಲವು ವರ್ಷಗಳ ನಂತರ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಇದೇ ಬಗೆಯಲ್ಲಿ ಸಾಧಿಸಿ ತೋರಿಸಿದರು.

ಇದು ನನಗೆ ತಟ್ಟನೆ ಅರ್ಥವಾಯಿತು. ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿರುವ ಕಂಡಕ್ಟರ್ ಡ್ರೈವರ್ ಹತ್ತಿರ ಬರಲಾರ, ಕೂಗಿದರೆ ಕೇಳಿಸುವುದಿಲ್ಲ. ಆದರೆ ಒಂದು ಸೀಟಿ ಹೊಡೆದರೆ ನಿಲ್ಲಿಸಬೇಕು, ಎರಡು ಹೊಡೆದರೆ ಹೊರಡಬೇಕು. ನಿದ್ರೆಯ ಒಳಗಿರುವ ಮನುಷ್ಯ ಕಣ್ಣಿನಿಂದ ಹೊಡೆದದ್ದೂ ಅಂಥ ಸೀಟಿಯೇ. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್‌ನ ತಂಡಗಳು ಪ್ರಕಟಿಸಿದ ಅಧ್ಯಯನದಲ್ಲಂತೂ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ನಿದ್ರೆಯಲ್ಲಿದ್ದವನನ್ನೇ ಕೇಳಿದ್ದಾರೆ. ಅವನು ಕಣ್ಣನ್ನು ಎರಡು ಸಲ ಆಡಿಸಿ ಉತ್ತರ ಕೊಟ್ಟಿದ್ದಾನೆ. ಅಂದೇ ಪೇಟೆಗೆ ಹೋಗಿ 200 ಪುಟದ ನೋಟ್‌ಬುಕ್ ತಂದೆ. 2023ರ ಜೂನ್, ಮಳೆ ಹಿಡಿದ ಮೊದಲ ವಾರ.

ಅಭ್ಯಾಸದ ಮೊದಲ ಮೆಟ್ಟಿಲು ಕನಸನ್ನು ನೆನಪಿಟ್ಟು ಬರೆಯುವುದು. ಎಚ್ಚರವಾದರೂ ಕಣ್ಣು ತೆರೆಯದೆ, ಮಗ್ಗುಲು ಬದಲಿಸದೆ ಒಂದು ನಿಮಿಷ ಹಾಗೇ ಮಲಗಿ, ಏನು ಕಂಡೆ ಎಂದು ಹುಡುಕಬೇಕು. ಮೈ ಅಲುಗಿದರೆ ಕನಸು ಜಾರಿಹೋಗುತ್ತದೆ. ನನಗೆ ಒಂಬತ್ತು ದಿನ ಏನೂ ಸಿಗಲಿಲ್ಲ. ಆದರೂ ಟ್ರಿಪ್ ಮುಗಿದ ಮೇಲೆ ಲಾಗ್‌ಶೀಟ್ ತುಂಬಿಸಿ ಅಭ್ಯಾಸವಾದ ಕೈ, ತಾರೀಕು ಹಾಕಿ ‘ನೆನಪಿಲ್ಲ’ ಎಂದು ಬರೆಯಿತು. ಒಂಬತ್ತು ‘ನೆನಪಿಲ್ಲ’ ಸಾಲಾಗಿ ಇವೆ. ಹತ್ತನೇ ದಿನದ್ದು ಎರಡೇ ಶಬ್ದ: ‘ಹಸಿರು ಛತ್ರಿ’. ಆ ಎರಡು ಶಬ್ದ ಬರೆದಾಗ ಆದ ಖುಷಿ ಈಗಲೂ ನೆನಪಿದೆ. ತಿಂಗಳು ಮುಗಿಯುವ ಹೊತ್ತಿಗೆ ದಿನಕ್ಕೊಂದು ಕನಸು ಸಿಗತೊಡಗಿತು.

ಎರಡನೆಯದು ಹಗಲಿನಲ್ಲಿ ಆಗಾಗ ‘ಇದು ಕನಸೋ ನಿಜವೋ’ ಎಂದು ನಿಜವಾಗಿಯೂ ಕೇಳಿಕೊಳ್ಳುವುದು. ಕನಸಿನಲ್ಲಿ ಅಕ್ಷರ, ಅಂಕಿ ಎರಡನೇ ಸಲ ನೋಡಿದಾಗ ಬದಲಾಗಿರುವುದು ಹೆಚ್ಚು. ಹಾಗಾಗಿ ನನ್ನ ಹಳೆಯ ಎಚ್‌ಎಂಟಿ ಗಡಿಯಾರವನ್ನು ಒಮ್ಮೆ ನೋಡಿ, ಕಣ್ಣು ತೆಗೆದು, ಮತ್ತೆ ನೋಡುವುದನ್ನು ರೂಢಿ ಮಾಡಿಕೊಂಡೆ.

74ನೇ ದಿನ ಬೆಳಗಿನ ಜಾವ ಸಂತೆಯಲ್ಲಿ ನಡೆಯುತ್ತಿದ್ದಾಗ ಗಡಿಯಾರದ ಮುಳ್ಳು ಹಿಂದಕ್ಕೆ ಓಡಿತು. “ಅಯ್ಯೋ, ಕನಸು!” ಅಂದೆ. ಅಷ್ಟೇ, ಆ ಸಂಭ್ರಮಕ್ಕೆ ಎಚ್ಚರವೇ ಆಗಿಹೋಯಿತು. ಸಿಕ್ಕಿತು ಕೀಲಿಕೈ ಅಂದುಕೊಂಡೆ. ಆಮೇಲೆ ಐದು ತಿಂಗಳು ಒಂದೂ ಇಲ್ಲ.

ಸಂಪಾದಕರೇ, ಕೈಬಿಡುವುದು ಇಲ್ಲಿಯೇ. ಮೊದಲ ವಾರದಲ್ಲಿ ಹುರುಪು ಇರುತ್ತದೆ. ಒಮ್ಮೆ ರುಚಿ ಕಂಡ ಮೇಲೆ ಬರುವ ಬರಗಾಲವೇ ಕಷ್ಟ. ದಿನಾ ರಾತ್ರಿ ಹಠ ಹಿಡಿದು ಮಲಗುವುದು, ನಡುರಾತ್ರಿ ಅಲಾರಂ ಇಟ್ಟು ಏಳುವುದು, ಮತ್ತೆ ನಿದ್ರೆ ಬಾರದೆ ಹೊರಳಾಡುವುದು, ಬೆಳಗ್ಗೆ ಎಲ್ಲರ ಮೇಲೆ ರೇಗುವುದು. 2024ರ ಜನವರಿಯಲ್ಲಿ ನಮ್ಮ ಎರಡು ಎಕರೆ ಕಾಫಿ ಕೊಯ್ಲು ಬಂತು. ಅದೇ ನೆಪವಾಗಿ ಪುಸ್ತಕ ಮುಚ್ಚಿಟ್ಟೆ. ಉಳಿದ ಹಾಳೆಗಳಲ್ಲಿ ಹೆಂಡತಿ ಆಳುಗಳ ಲೆಕ್ಕ ಬರೆಯತೊಡಗಿದಳು.

ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಕೂಲಿ ಲೆಕ್ಕ ಕೂಡಿಸಲು ಆ ಪುಸ್ತಕ ತೆಗೆದವನು ಮೊದಲ ಪುಟದಿಂದ ಓದುತ್ತಾ ಕೂತೆ. ಘಾಟಿಯ ಕನಸು ಬಂದ ದಿನ ಅಂಚಿನಲ್ಲಿ ‘ಬ್ರೇಕ್’ ಎಂದು ಬರೆಯುತ್ತಿದ್ದೆ. ಸುಮ್ಮನೆ ಎಣಿಸಿದೆ. ಜೂನ್‌ನಲ್ಲಿ ಹನ್ನೊಂದು. ಸೆಪ್ಟೆಂಬರ್‌ನಲ್ಲಿ ಆರು. ಡಿಸೆಂಬರ್‌ನಲ್ಲಿ ಎರಡು. ಮತ್ತೊಮ್ಮೆ ಎಣಿಸಿದೆ, ಅಷ್ಟೇ ಬಂತು. ನಾನು ಯಾವುದಕ್ಕಾಗಿ ಇದನ್ನೆಲ್ಲ ಶುರು ಮಾಡಿದ್ದೆನೋ ಅದು ನನ್ನ ಕಣ್ಣೆದುರೇ ಆಗುತ್ತಾ ಬಂದಿತ್ತು. ಕನಸಿನಲ್ಲಿ ಅರಿವು ಮೂಡಲಿಲ್ಲವೆಂದು ಬೇಸರ ಮಾಡಿಕೊಂಡು ನಾನು ಅದನ್ನು ನೋಡಿರಲೇ ಇಲ್ಲ. ಬರೆದದ್ದರಿಂದಲೋ, ದಿನಗಳೆದದ್ದರಿಂದಲೋ, ಭಯ ಸವೆಯುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. “ನಾನು ನೀರು ಕೊಡೋಕೆ ಎದ್ದು ಎಷ್ಟು ದಿನ ಆಯ್ತು, ನಿಮಗೇ ಗೊತ್ತಾಗ್ಲಿಲ್ವಾ?” ಅಂದಳು.

ತಂಗಿಯ ಮಗಳಿಗೆ ಫೋನ್ ಮಾಡಿದಾಗ ಅವಳು ಆಸ್ಟ್ರೇಲಿಯಾದ ಡೆನಾಮ್ ಆಸ್ಪಿ ಎಂಬವರ 2017ರ ಅಧ್ಯಯನ ಓದಿ ಹೇಳಿದಳು. ಹಗಲಿನ ತಪಾಸಣೆ, ಐದು ಗಂಟೆ ನಿದ್ರೆಯ ನಂತರ ಏಳುವುದು, ‘ಮುಂದಿನ ಕನಸಿನಲ್ಲಿ ಇದು ಕನಸು ಎಂದು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಮನಸ್ಸಿಗೆ ಹೇಳಿಕೊಂಡು ಮಲಗುವುದು, ಮೂರನ್ನೂ ಸೇರಿಸಿ ಒಂದು ವಾರ ಮಾಡಿದವರಲ್ಲೂ ಫಲ ಸಿಕ್ಕಿದ್ದು ಶೇ 17ರಷ್ಟು ಪ್ರಯತ್ನಗಳಲ್ಲಿ. ಆದರೆ ಹಾಗೆ ಹೇಳಿಕೊಂಡ ಐದು ನಿಮಿಷದೊಳಗೆ ನಿದ್ರೆಗೆ ಜಾರಿದ್ದರೆ ಅದು ಶೇ 46. ನನ್ನ ತಪ್ಪು ತಿಳಿಯಿತು. ಹಠ ಹಿಡಿದು ನಿದ್ರೆಯನ್ನೇ ಓಡಿಸುತ್ತಿದ್ದೆ. ದಿನಾ ಮಾಡುವುದನ್ನು ಬಿಟ್ಟೆ. ಬುಧವಾರ ಮತ್ತು ಶನಿವಾರ ಮಾತ್ರ ಬೆಳಗಿನ ಜಾವ ಮೂರಕ್ಕೆ ಎದ್ದು, ಹತ್ತಿಪ್ಪತ್ತು ನಿಮಿಷ ಹಳೆಯ ಪುಟ ಓದಿ, ಮಲಗುತ್ತಿದ್ದೆ. ರಾತ್ರಿ ಕಳೆದಂತೆ ಕನಸಿನ ನಿದ್ರೆಯ ಹೊತ್ತು ಉದ್ದವಾಗುತ್ತಾ ಹೋಗುತ್ತದೆ, ಆದ್ದರಿಂದ ಬೆಳಗಿನ ಜಾವವೇ ಸರಿ. ಉಳಿದ ಐದು ರಾತ್ರಿ ಹಾಯಾಗಿ ನಿದ್ರೆ.

ಏಪ್ರಿಲ್‌ನ ಒಂದು ಶನಿವಾರ ಘಾಟಿಯೇ ಬಂತು. ಅದೇ ಮಂಜು, ಅದೇ ಮಗುವಿನ ಅಳು. ಪೆಡಲ್ ತಳಕ್ಕೆ ಹೋಯಿತು. ರೂಢಿಬಲದಿಂದ ಏರ್ ಗೇಜ್ ನೋಡಿದೆ, ಮುಳ್ಳು ಸೊನ್ನೆಯಲ್ಲಿತ್ತು. ಇನ್ನೊಮ್ಮೆ ನೋಡಿದೆ, ಮುಳ್ಳೇ ಇಲ್ಲ, ಬಿಳಿ ತಟ್ಟೆಯಂತೆ ಖಾಲಿ. ಇದು ಕನಸು ಅಂದುಕೊಂಡೆ. ಈ ಸಲ ಸಂಭ್ರಮಪಡಲಿಲ್ಲ, ಎಚ್ಚರವಾಗದಿರಲಿ ಎಂದು ಸ್ಟೇರಿಂಗನ್ನು ಅಂಗೈಯಿಂದ ಮೆಲ್ಲಗೆ ಉಜ್ಜಿದೆ. ಅದರ ತಣುಪು, ಸುತ್ತಿದ್ದ ಹಗ್ಗದ ಒರಟು, ಎಲ್ಲ ಕೈಗೆ ಹತ್ತಿತು. ಆಮೇಲೆ ಬ್ರೇಕಿನಿಂದ ಕಾಲು ತೆಗೆದೆ. ಬಸ್ಸು ತಾನಾಗಿ ಆ ತಿರುವನ್ನು ಬಳಸಿ ಬಂತು. ಹಿಂದೆ ತಿರುಗಿ ಮಗುವನ್ನು ನೋಡಿದೆ. ಅದು ಅಳು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿತ್ತು.

ಆ ಕನಸು ಆಮೇಲೆ ಎರಡೇ ಸಲ ಬಂದದ್ದು. ಎರಡು ವರ್ಷದಲ್ಲಿ ಅರಿವು ಮೂಡಿದ ಕನಸು ಒಟ್ಟು ಒಂಬತ್ತು. ನನಗೆ ಅಷ್ಟು ಸಾಕು. ಬೇರೆ ಕೆಲವರಿಗೆ ಬೇಗ ಬರಬಹುದು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಹಾಕಿದ ಲೆಕ್ಕದಂತೆ ನೂರರಲ್ಲಿ 55 ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿರುತ್ತದೆ, ತಿಂಗಳಿಗೊಮ್ಮೆಯೋ ಇನ್ನೂ ಹೆಚ್ಚಾಗಿಯೋ ಆಗುವವರು 23. ಟಿಬೆಟನ್ ಬೌದ್ಧರಲ್ಲಿ ಕನಸಿನ ಯೋಗವೆಂದೇ ಒಂದು ಸಾಧನೆ ಇದೆ. ಅವರು ಯಾರೂ ಅದಕ್ಕೆ ವಾರದ ಗಡುವು ಹಾಕಿಕೊಳ್ಳುವುದಿಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಡ್ಯೂಟಿಯಲ್ಲಿರುವ ಚಾಲಕರು, ರಾತ್ರಿ ಪಾಳಿಯ ನರ್ಸುಗಳು, ಯಂತ್ರದ ಮುಂದೆ ನಿಲ್ಲುವವರು ನಡುರಾತ್ರಿ ಅಲಾರಂ ಇಟ್ಟು ಏಳುವ ಈ ಅಭ್ಯಾಸ ಮಾಡಕೂಡದು. ಮಾಡಲೇಬೇಕೆಂದರೆ ಮಾರನೇ ದಿನ ರಜೆ ಇರುವಾಗ ಮಾತ್ರ. ಸ್ಟೇರಿಂಗ್ ಮುಂದೆ ಅರೆಕ್ಷಣ ಕಣ್ಣು ಕೂಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಕನಸು ಬರೆದಿಡಲು ಯಾರ ಅಡ್ಡಿಯೂ ಇಲ್ಲ, ಅದಕ್ಕೆ ನಿದ್ರೆ ಕೆಡಿಸಿಕೊಳ್ಳಬೇಕಿಲ್ಲ.

ಆ ಬರಹದ ಎರಡನೇ ಭಾಗ ಮುಂದಿನ ವಾರ ಬರುತ್ತದೆ ಎಂದು ಹಾಕಿದ್ದೀರಿ. ದಯವಿಟ್ಟು ಅದರಲ್ಲಿ ‘ಏಳು ದಿನ’ ಎಂಬುದನ್ನು ತೆಗೆಯಿರಿ. ಅದರ ಜಾಗದಲ್ಲಿ, ಏನೂ ನೆನಪಾಗದ ದಿನವೂ ತಾರೀಕು ಹಾಕಿ ‘ನೆನಪಿಲ್ಲ’ ಎಂದು ಬರೆಯಿರಿ, ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ ನೋಡಿ ಎಂಬ ಎರಡು ಸಾಲು ಸೇರಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ಚಾಲಕ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ