ಬಲಗಾಲಿನ ಲೆಫ್ಟ್ ಬ್ಯಾಕ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಫುಟ್‌ಬಾಲ್ ತಂಡದಲ್ಲಿ ಎಡಗಾಲಿನ ಹುಡುಗ ಒಬ್ಬನೂ ಇಲ್ಲ, ಬಲಗಾಲಿನವನನ್ನೇ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣೆ ಆಟಗಾರನ ಜಾಗದಲ್ಲಿ ಆಡಿಸಬೇಕಾಗಿದೆ, ಅವನಿಗೆ ಯಾರ ಆಟ ತೋರಿಸಲಿ ಅಂತ ಕೇಳಿದ್ದೀಯ. ಡೆನಿಸ್ ಇರ್ವಿನ್ ಆಟ ತೋರಿಸು. ಐರ್ಲೆಂಡಿನ ಕಾರ್ಕ್ ನಗರದವನು, ಹುಟ್ಟಿದ್ದು 1965ರ ಅಕ್ಟೋಬರ್ 31ರಂದು. ಬಲಗಾಲಿನವನಾಗಿದ್ದೂ ಮ್ಯಾಂಚೆಸ್ಟರ್ ಯುನೈಟೆಡ್‌ನ ಎಡಬದಿಯನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಯ್ದ. ಆ ಕ್ಲಬ್ಬಿಗೆ 529 ಪಂದ್ಯ, 33 ಗೋಲು, 7 ಪ್ರೀಮಿಯರ್ ಲೀಗ್ ಪ್ರಶಸ್ತಿ. ಆದರೂ ದೊಡ್ಡವರ ಹೆಸರು ಹೇಳುವಾಗ ಇವನ ಹೆಸರು ಕೊನೆಗೆ ಬರುತ್ತದೆ. ಅದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಪ್ರಶಸ್ತಿಗಳ ಮಾತು ಆಮೇಲೆ ಆಡೋಣ. ನಿನ್ನ ಹುಡುಗನಿಗೆ ಹೆಚ್ಚು ಬೇಕಾದದ್ದು ಅದಕ್ಕೂ ಮೊದಲಿನ ಏಳು ವರ್ಷ. ಇರ್ವಿನ್ ವೃತ್ತಿಪರನಾದದ್ದು 1983ರಲ್ಲಿ, ಲೀಡ್ಸ್ ಯುನೈಟೆಡ್‌ನಲ್ಲಿ. ಲೀಡ್ಸ್ ಆಗ ಎರಡನೇ ಡಿವಿಷನ್‌ಗೆ, ಅಂದರೆ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಿಗೆ ಇಳಿದಿತ್ತು. ಮ್ಯಾನೇಜರ್ ಎಡ್ಡಿ ಗ್ರೇ ಎಳೆಯರನ್ನು ಧೈರ್ಯವಾಗಿ ಆಡಿಸುತ್ತಿದ್ದ. ಅಲ್ಲಿ 72 ಲೀಗ್ ಪಂದ್ಯ ಆಡಿದ. ಗ್ರೇ ಹೋಗಿ ಬಿಲ್ಲಿ ಬ್ರೆಮ್ನರ್ ಬಂದ ಮೇಲೆ, 1986ರಲ್ಲಿ, ಇಪ್ಪತ್ತರ ಇರ್ವಿನ್‌ನನ್ನು ಒಂದು ಪೈಸೆಯನ್ನೂ ಕೇಳದೆ ಬಿಟ್ಟುಕೊಟ್ಟರು. ಕರೆದುಕೊಂಡವನು ಓಲ್ಡಮ್ ಅಥ್ಲೆಟಿಕ್‌ನ ಮ್ಯಾನೇಜರ್ ಜೋ ರಾಯ್ಲ್. ಮೊದಲ ವರ್ಷವೇ ಓಲ್ಡಮ್ ಎರಡನೇ ಡಿವಿಷನ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಹಿಂದಿನ ವರ್ಷವಾಗಿದ್ದರೆ ಮೂರನೇ ಸ್ಥಾನಕ್ಕೆ ಮೇಲಿನ ಡಿವಿಷನ್‌ಗೆ ನೇರ ಬಡ್ತಿ ಸಿಗುತ್ತಿತ್ತು. ಆ ವರ್ಷವೇ ಪ್ಲೇಆಫ್ (ಬಡ್ತಿಗಾಗಿ ಆಡುವ ನಾಕೌಟ್ ಪಂದ್ಯಗಳು) ಶುರುವಾಯಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಲೀಡ್ಸ್. ಎರಡು ಪಂದ್ಯ ಸೇರಿ 2-2, ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದೆ ಅನ್ನುವ ಲೆಕ್ಕದಲ್ಲಿ ಓಲ್ಡಮ್ ಹೊರಬಿತ್ತು.

ಓಲ್ಡಮ್‌ನ ಬೌಂಡರಿ ಪಾರ್ಕ್‌ನಲ್ಲಿ 1986ರಿಂದ 1991ರವರೆಗೆ ಹುಲ್ಲಿನ ಬದಲು ಪ್ಲಾಸ್ಟಿಕ್ ಹಾಸು ಇತ್ತು. ಇವತ್ತಿನ ಕೃತಕ ಹುಲ್ಲಿನಂತೆ ಅದು ಮೆತ್ತಗಿರಲಿಲ್ಲ. ಚೆಂಡು ಎತ್ತರಕ್ಕೆ ಪುಟಿಯುತ್ತಿತ್ತು, ನೆಲಕ್ಕೆ ಬಿದ್ದರೆ ಜಾರಿಕೊಂಡು ದೂರ ಓಡುತ್ತಿತ್ತು, ಜಾರಿಕೊಂಡು ಹೋಗಿ ಚೆಂಡು ಕಸಿಯುವ ಟ್ಯಾಕಲ್ ಮಾಡಿದವನ ತೊಡೆಯ ಚರ್ಮ ಕಿತ್ತು ಬರುತ್ತಿತ್ತು. ಇಂಥ ನೆಲದಲ್ಲಿ ಡಿಫೆಂಡರ್‌ಗೆ ಎರಡು ಅಭ್ಯಾಸ ತಾನಾಗಿ ಬರುತ್ತವೆ. ಒಂದು, ಕೊನೆಯ ಗಳಿಗೆಯವರೆಗೂ ನಿಂತೇ ಇರುವುದು. ಇನ್ನೊಂದು, ಬೆನ್ನ ಹಿಂದೆ ಬೀಳುವ ಚೆಂಡಿಗೆ ಮೊದಲೇ ಅರ್ಧ ತಿರುಗಿ ನಿಲ್ಲುವುದು. ತಿರುಗುವುದರಲ್ಲಿ ಒಂದು ಹೆಜ್ಜೆ ತಡವಾದರೂ ಚೆಂಡು ಕೈಬಿಟ್ಟಿತು ಅಂತಲೇ ಲೆಕ್ಕ. ಇರ್ವಿನ್ ಮುಂದೆ ದೊಡ್ಡ ಮೈದಾನಗಳಲ್ಲಿ ಅಷ್ಟು ಕಡಿಮೆ ಸಲ ಜಾರಿ ಟ್ಯಾಕಲ್ ಮಾಡಿದ್ದಕ್ಕೆ ಈ ನಾಲ್ಕು ವರ್ಷಗಳೇ ಕಾರಣ ಅಂತ ನನ್ನ ನಂಬಿಕೆ.

1989-90ರಲ್ಲಿ ಓಲ್ಡಮ್ ಇಡೀ ಇಂಗ್ಲೆಂಡಿನ ಕಣ್ಣಿಗೆ ಬಿತ್ತು. ಲೀಗ್ ಕಪ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ವೆಸ್ಟ್ ಹ್ಯಾಮ್‌ಗೆ 6-0 ಹೊಡೆದು ಫೈನಲ್ ಮುಟ್ಟಿತು, ಅಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1-0ರಿಂದ ಸೋತಿತು. ಇಂಗ್ಲೆಂಡಿನ ಇನ್ನೊಂದು ನಾಕೌಟ್ ಪಂದ್ಯಾವಳಿ ಎಫ್‌ಎ ಕಪ್‌ನ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 3-3 ಸಮ ಮಾಡಿಕೊಂಡು, ಮರುಪಂದ್ಯವನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಕಳೆದುಕೊಂಡಿತು. ಎದುರು ತಂಡದ ಬೆಂಚಿನಲ್ಲಿ ಕೂತಿದ್ದ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಎರಡು ತಿಂಗಳೊಳಗೆ 6,25,000 ಪೌಂಡ್ ಕೊಟ್ಟು ಇರ್ವಿನ್‌ನನ್ನು ಕೊಂಡ. ಆ ದುಡ್ಡಿಗೆ ಅಷ್ಟು ವರ್ಷ ದುಡಿದ ಆಟಗಾರ ಆ ಕಾಲದಲ್ಲಿ ಇನ್ನೊಬ್ಬ ನನಗಂತೂ ಕಾಣುವುದಿಲ್ಲ.

ಯುನೈಟೆಡ್‌ನಲ್ಲಿ ಮೊದಲ ವರ್ಷ ಅವನ ಜಾಗ ಹೆಚ್ಚಾಗಿ ರೈಟ್ ಬ್ಯಾಕ್. 1991ರ ಮೇ 15ರಂದು ರಾಟರ್‌ಡ್ಯಾಮ್‌ನಲ್ಲಿ ಬಾರ್ಸಿಲೋನಾವನ್ನು 2-1ರಿಂದ ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದಾಗಲೂ ಅವನು ಬಲಬದಿಯಲ್ಲೇ ಇದ್ದ, ಎಡಕ್ಕೆ ಕ್ಲೇಟನ್ ಬ್ಲ್ಯಾಕ್‌ಮೋರ್. ಅದೇ ವರ್ಷ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ನಿಂದ ರೈಟ್ ಬ್ಯಾಕ್ ಪಾಲ್ ಪಾರ್ಕರ್ ಬಂದ, ಇರ್ವಿನ್ ಎಡಕ್ಕೆ ಸರಿದ. ನಿನ್ನ ಹುಡುಗನಿಗೆ ಬೇಕಾದ ಪಾಠ ಇಲ್ಲಿಂದ ಶುರು. ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ನಿಲುವು. ಎದುರಾಳಿಯ ರೈಟ್ ವಿಂಗರ್ (ಬಲ ಅಂಚಿನಲ್ಲಿ ದಾಳಿ ಮಾಡುವವನು) ಸಾಮಾನ್ಯವಾಗಿ ಬಲಗಾಲಿನವನು. ಅವನು ಮೈದಾನದ ಅಂಚಿನ ಗೆರೆಯ ಪಕ್ಕ ಹೊರಗೆ ಹೋದರೆ ನಮ್ಮ ಹುಡುಗ ಎಡಗಾಲಿನಿಂದ ತಡೆಯಬೇಕು, ಅದು ಅವನ ದುರ್ಬಲ ಕಾಲು. ಒಳಕ್ಕೆ ಬಂದರೆ ಚೆಂಡು ಹುಡುಗನ ಬಲಗಾಲಿಗೆ ಸಿಗುತ್ತದೆ, ವಿಂಗರ್‌ಗೂ ತನ್ನ ಎಡಗಾಲಿನಲ್ಲಿ ಆಡಬೇಕಾಗುತ್ತದೆ. ಹಾಗಾಗಿ ಗೆರೆಯ ಕಡೆಗೆ ಅರ್ಧ ಹೆಜ್ಜೆ ಸರಿದು, ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು, ಮೈಯನ್ನು ಒಳಮುಖ ಮಾಡಿ ನಿಲ್ಲಲಿ. ನಡುವೆ ಒಂದೂವರೆಯಿಂದ ಎರಡು ಮೀಟರ್ ಅಂತರ. ಅದಕ್ಕಿಂತ ಹತ್ತಿರ ಹೋದರೆ ಚೆಂಡನ್ನು ಒಮ್ಮೆ ತಳ್ಳಿ ದಾಟಿಹೋಗುತ್ತಾನೆ, ದೂರ ನಿಂತರೆ ತಲೆಯೆತ್ತಿ ನೋಡಿ ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಾನೆ. ಆದರೆ ಒಳದಾರಿ ಬಿಡುವ ಮೊದಲು ಒಳಗೆ ನಮ್ಮವರು ಇದ್ದಾರೋ ಇಲ್ಲವೋ ನೋಡಿಕೊಳ್ಳಲೇಬೇಕು. ಇರ್ವಿನ್ ಪಕ್ಕದಲ್ಲಿ ಸೆಂಟರ್ ಬ್ಯಾಕ್ (ನಡುವಿನ ರಕ್ಷಣೆ ಆಟಗಾರ) ಗ್ಯಾರಿ ಪ್ಯಾಲಿಸ್ಟರ್ ಇದ್ದ, ಎತ್ತರದವನು, ಓಟಗಾರ. ಅಂಥವನು ಪಕ್ಕದಲ್ಲಿ ಇಲ್ಲದ ದಿನ ವಿಂಗರ್‌ನನ್ನು ಹೊರಕ್ಕೇ ಕಳಿಸಬೇಕು, ಎಡಗಾಲಿನ ಕಷ್ಟ ಎಷ್ಟೇ ಇರಲಿ. ಒಳಕ್ಕೆ ಬಿಟ್ಟರೆ ಗೋಲಿಗೆ ಹೊಡೆತ, ಹೊರಕ್ಕೆ ಬಿಟ್ಟರೆ ಬರೀ ಕ್ರಾಸ್.

ಇನ್ನು ಚೆಂಡು ಪಡೆಯುವ ರೀತಿ. ಬಲಗಾಲಿನ ಲೆಫ್ಟ್ ಬ್ಯಾಕ್‌ಗಳು ಹೆಚ್ಚು ಎಡವುವುದು ಇಲ್ಲೇ. ಸೆಂಟರ್ ಬ್ಯಾಕ್‌ನಿಂದ ಚೆಂಡು ಬಲಗಡೆಯಿಂದ ಬರುತ್ತದೆ. ಹುಡುಗ ಹತ್ತಿರದ ಬಲಗಾಲಿನಲ್ಲೇ ಹಿಡಿದರೆ ಮೈ ತನ್ನ ಗೋಲಿನ ಕಡೆಗೆ ಮುಚ್ಚಿಕೊಳ್ಳುತ್ತದೆ, ಗೆರೆಯ ಉದ್ದಕ್ಕೆ ಪಾಸ್ ಮಾಡುವ ದಾರಿ ಹೋಗುತ್ತದೆ, ಓಡಿಬಂದವನಿಗೆ ಒಂದು ಸೆಕೆಂಡ್ ಪುಕ್ಕಟೆ ಸಿಗುತ್ತದೆ. ಚೆಂಡನ್ನು ಮೈಮುಂದೆ ಹಾದುಹೋಗಲು ಬಿಟ್ಟು ಎಡಗಾಲಿನ ಒಳಬದಿಯಲ್ಲಿ ಮುಂದಕ್ಕೆ ಹಿಡಿಯಬೇಕು. ಪ್ರತಿ ಅಭ್ಯಾಸದ ದಿನವೂ ಇಪ್ಪತ್ತು ಚೆಂಡು ಹೀಗೆ ಕೊಡು: ಮೊದಲ ಸ್ಪರ್ಶ ಎಡಗಾಲು, ಎರಡನೆಯದು ಎಡಗಾಲಿನಲ್ಲೇ ಗೆರೆಯ ಉದ್ದಕ್ಕೆ ಇಪ್ಪತ್ತೈದು ಮೀಟರ್ ಪಾಸ್. ಆಮೇಲೆ ಒಬ್ಬನನ್ನು ಎದುರು ಬಿಟ್ಟು ಹತ್ತು. ಇರ್ವಿನ್‌ಗೆ ಎರಡು ಕಾಲೂ ನಡೆಯುತ್ತಿದ್ದವು. ವಿಡಿಯೋ ನಿಲ್ಲಿಸಿ ನೋಡಿದರೂ ಒಮ್ಮೊಮ್ಮೆ ಅವನು ಯಾವ ಕಾಲಿನವನು ಅಂತ ಹೇಳಲಾಗುವುದಿಲ್ಲ.

1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬದಲಾಯಿತಲ್ಲ, ಜೊತೆಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅಂತ, ಅದರಿಂದ ಹೆಚ್ಚು ತೊಂದರೆಯಾದದ್ದು ಫುಲ್ ಬ್ಯಾಕ್‌ಗಳಿಗೆ, ಅಂದರೆ ಎಡ ಬಲ ಬದಿಯ ಬ್ಯಾಕ್‌ಗಳಿಗೆ. ಅಲ್ಲಿಯವರೆಗೆ ಒತ್ತಡ ಬಂದರೆ ಕೀಪರ್‌ಗೆ ಕೊಟ್ಟು ಉಸಿರಾಡಬಹುದಿತ್ತು. ಹೊಸ ನಿಯಮದಲ್ಲಿ ಇರ್ವಿನ್ ಕಂಗೆಡಲಿಲ್ಲ, ಯಾಕೆಂದರೆ ಅವನಿಗೆ ಮೊದಲಿಂದಲೂ ಚೆಂಡು ಕಾಲಿಗೆ ಬರುವ ಮುಂಚೆಯೇ ಮುಂದಿನ ಪಾಸ್ ಗೊತ್ತಿರುತ್ತಿತ್ತು. ಹುಡುಗನಿಗೆ ಇಷ್ಟು ಹೇಳಿಕೊಡು: ಕೀಪರ್‌ಗೆ ಕೊಡುವುದಾದರೆ ಗೋಲ್ ಕಂಬಗಳ ನಡುವಿನ ದಾರಿಯಲ್ಲಿ ಕೊಡಬೇಡ, ಕಂಬದಿಂದ ಆಚೆಗೆ, ಕೀಪರ್‌ನ ಗಟ್ಟಿಗಾಲಿಗೆ ಕೊಡು. ಕೀಪರ್ ತಪ್ಪಿದರೂ ಕಾರ್ನರ್ ಆದೀತು, ಗೋಲಾಗದು.

ದಾಳಿಗೆ ಹೋಗುವ ವಿಷಯದಲ್ಲಿ ಇರ್ವಿನ್‌ನ ಲೆಕ್ಕ ಮುಂದಿದ್ದ ಲೆಫ್ಟ್ ವಿಂಗರ್ ರಯಾನ್ ಗಿಗ್ಸ್ ಮೇಲೆ ನಿಂತಿತ್ತು. ಗಿಗ್ಸ್ ಎಡಗಾಲಿನವನು, ಗೆರೆ ಹಿಡಿದು ಓಡುವವನು. ಅವನು ಹೊರಗಿದ್ದಾಗ ಬ್ಯಾಕ್ ಕೂಡ ಹೊರಗೇ ಓಡಿದರೆ ಇಬ್ಬರನ್ನೂ ಒಬ್ಬನೇ ಎದುರಾಳಿ ಕಾಯುತ್ತಾನೆ. ಆಗ ಒಳಗಡೆ ಎಂಟು ಹತ್ತು ಮೀಟರ್ ಹಿಂದೆ ನಿಂತು ಹಿಂಪಾಸ್‌ಗೆ ಸಿಗಬೇಕು. ಬಲಗಾಲಿನವನಿಗೆ ಅಲ್ಲಿಂದ ಗೋಲಿನ ಕಡೆ ಬಾಗುವ ಕ್ರಾಸ್ ಸಲೀಸು. ಗಿಗ್ಸ್ ಒಳಕ್ಕೆ ತಿರುಗಿ ಇಬ್ಬರನ್ನು ಎಳೆದುಕೊಂಡು ಹೋದ ಕ್ಷಣ ಹೊರದಾರಿ ತೆರೆಯುತ್ತದೆ, ಆಗ ಓಡಬೇಕು. ಆಚೆ ಬದಿಯ ಬ್ಯಾಕ್ ಆಗಲೇ ಮೇಲೆ ಹೋಗಿದ್ದರೆ ಓಡಲೇಬಾರದು. ಇಬ್ಬರೂ ಮೇಲಿದ್ದಾಗ ಚೆಂಡು ಹೋದರೆ ಇಬ್ಬರು ಸೆಂಟರ್ ಬ್ಯಾಕ್‌ಗಳ ಎರಡೂ ಪಕ್ಕ ಖಾಲಿ. 1994ರ ಎಫ್‌ಎ ಕಪ್ ಫೈನಲ್ ನೋಡು: ಪೆನಾಲ್ಟಿ ಜಾಗದೊಳಗೆ ನುಗ್ಗಿದ ಇರ್ವಿನ್‌ನನ್ನು ಚೆಲ್ಸಿಯ ಎಡ್ಡಿ ನ್ಯೂಟನ್ ಬೀಳಿಸಿದ, ಯುನೈಟೆಡ್‌ನ ಎರಿಕ್ ಕ್ಯಾಂಟೊನಾ ಪೆನಾಲ್ಟಿ ಹೊಡೆದ, ಅಲ್ಲಿಗೆ ಬೀಗ ತೆರೆದು ಪಂದ್ಯ 4-0 ಆಯಿತು.

ಇರ್ವಿನ್ ಎತ್ತರ ಸುಮಾರು 173 ಸೆಂಟಿಮೀಟರ್. ಗೋಲಿನ ದೂರದ ಕಂಬಕ್ಕೆ ಬರುವ ಕ್ರಾಸ್‌ಗಳಲ್ಲಿ ಇಷ್ಟೇ ಎತ್ತರದ ಬ್ಯಾಕ್‌ನನ್ನು ಎದುರಾಳಿಗಳು ಹುಡುಕಿ ಹಿಡಿಯುತ್ತಾರೆ. ಅದಕ್ಕೆ ಉಪಾಯ ಎತ್ತರಕ್ಕೆ ಹಾರುವುದಲ್ಲ, ಬೇಗ ಹಾರುವುದು. ಎದುರಾಳಿಗೂ ಗೋಲಿಗೂ ನಡುವೆ ಮೊದಲೇ ನಿಂತು, ಅವನು ನೆಲ ಬಿಡುವ ಮುಂಚೆ ತಾನು ಬಿಟ್ಟರೆ, ಅವನಿಗೆ ಓಡಿಬಂದು ಜಿಗಿಯಲು ಜಾಗ ಸಿಗುವುದಿಲ್ಲ. ಕೈ ಎತ್ತುವಂತಿಲ್ಲ, ಎತ್ತಿದ ಕೈಗೆ ಚೆಂಡು ತಗಲಿದರೆ ಪೆನಾಲ್ಟಿ.

ನಿಂತ ಚೆಂಡಿನಲ್ಲೂ ಅವನು ಗಟ್ಟಿಗ. 1994ರ ಜನವರಿ 4ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ವಿರುದ್ಧ ನೇರ ಫ್ರೀ ಕಿಕ್‌ನಲ್ಲಿ ಹೊಡೆದ ಗೋಲು ಯುನೈಟೆಡ್‌ಗೆ ಮೂರನೆಯದು. ಆಮೇಲೆ ಲಿವರ್‌ಪೂಲ್ 3-3 ಮಾಡಿಕೊಂಡದ್ದು ಬೇರೆ ಕಥೆ. ಆ ಹೊಡೆತ ಕಲಿಸುವುದಾದರೆ ನಾಲ್ಕೈದು ಹೆಜ್ಜೆಯ ಓರೆ ಓಟ, ಎಡಪಾದ ಚೆಂಡಿನ ಪಕ್ಕದಲ್ಲಿ ಒಂದು ಗೇಣು ದೂರ, ಹೆಬ್ಬೆರಳಿನ ಬುಡದ ಮೂಳೆಯಿಂದ ಚೆಂಡಿನ ಹೊರ ಅರ್ಧಕ್ಕೆ ಹೊಡೆತ. ಮೈ ಹಿಂದಕ್ಕೆ ವಾಲಿದರೆ ಚೆಂಡು ಪ್ರೇಕ್ಷಕರ ಪಾಲು. ಎದುರಾಳಿಗಳು ಸಾಲಾಗಿ ನಿಲ್ಲುವ ಗೋಡೆ 9.15 ಮೀಟರ್ ದೂರ ಇರುತ್ತದೆ. ಅಭ್ಯಾಸದಲ್ಲೂ ಅಷ್ಟೇ ದೂರ ಅಳೆದು ಹುಡುಗರನ್ನು ನಿಲ್ಲಿಸು, ಅಂದಾಜಿಗೆ ನಿಲ್ಲಿಸಿದರೆ ಚೆಂಡು ಎಷ್ಟು ಬೇಗ ಇಳಿಯಬೇಕೆಂಬ ಲೆಕ್ಕ ತಪ್ಪುತ್ತದೆ. ಕ್ಯಾಂಟೊನಾ ನಿಷೇಧದಲ್ಲಿದ್ದಾಗ ಪೆನಾಲ್ಟಿಯೂ ಇರ್ವಿನ್ ಪಾಲಿಗೆ ಬಂತು. 1995ರ ಮೇ 10ರಂದು ಸೌತಾಂಪ್ಟನ್ ವಿರುದ್ಧ ಕೊನೆಯ ಹತ್ತು ನಿಮಿಷ ಉಳಿದಿದ್ದಾಗ ಅವನು ಹೊಡೆದ ಪೆನಾಲ್ಟಿಯಿಂದ 2-1 ಗೆದ್ದದ್ದಕ್ಕೇ ಆ ವರ್ಷದ ಪ್ರೀಮಿಯರ್ ಲೀಗ್ ಪ್ರಶಸ್ತಿ ಹೋರಾಟ ಕೊನೆಯ ದಿನದವರೆಗೆ ಉಳಿಯಿತು.

ಅವನಿಂದಲೂ ತಪ್ಪಾಯಿತು, ಅದನ್ನೂ ಹುಡುಗನಿಗೆ ತೋರಿಸು. 1999ರ ಮೇ 5, ಮತ್ತೆ ಆನ್‌ಫೀಲ್ಡ್. ಪೆನಾಲ್ಟಿ ಹೊಡೆದು 2-0 ಮಾಡಿದವನೇ ಇರ್ವಿನ್. ಆಗಲೇ ಒಂದು ಹಳದಿ ಕಾರ್ಡ್ ಇತ್ತು. ಚೆಂಡು ಹೊರಹೋದ ಮೇಲೆ ಅದನ್ನು ಒದ್ದ. ಆಟ ಮತ್ತೆ ಶುರುವಾಗುವುದನ್ನು ತಡಮಾಡಿದ್ದಕ್ಕೆ ರೆಫರಿ ಡೇವಿಡ್ ಎಲೆರೇ ಎರಡನೇ ಹಳದಿ ತೋರಿಸಿ ಹೊರಗೆ ಕಳಿಸಿದ. ಪಂದ್ಯ 2-2 ಆಯಿತು. ಆ ಅಮಾನತಿನಿಂದ ಮೇ 22ರ ಎಫ್‌ಎ ಕಪ್ ಫೈನಲ್ ತಪ್ಪಿತು. ಆದರೆ ಇಂಗ್ಲೆಂಡಿನೊಳಗಿನ ಕಾರ್ಡು ಯುರೋಪಿನ ಪಂದ್ಯಕ್ಕೆ ಲೆಕ್ಕವಿಲ್ಲ, ಹಾಗಾಗಿ ನಾಲ್ಕು ದಿನದ ಮೇಲೆ ಬಾರ್ಸಿಲೋನಾದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲೆಫ್ಟ್ ಬ್ಯಾಕ್ ಅವನೇ. ಜೊತೆಗಾರರಾದ ರಾಯ್ ಕೀನ್, ಪಾಲ್ ಸ್ಕೋಲ್ಸ್ ಇಬ್ಬರಿಗೆ ಇದರ ಉಲ್ಟಾ ಆಯಿತು: ಯುರೋಪಿನ ಕಾರ್ಡುಗಳಿಂದ ಅವರಿಗೆ ಬಾರ್ಸಿಲೋನಾ ತಪ್ಪಿತು, ಎಫ್‌ಎ ಕಪ್ ಸಿಕ್ಕಿತು. ಸತ್ತ ಚೆಂಡನ್ನು ಒದೆಯಬಾರದು ಅಂತ ನೀನು ನೂರು ಸಲ ಹೇಳುವುದಕ್ಕಿಂತ ಆ ಹತ್ತು ಸೆಕೆಂಡಿನ ವಿಡಿಯೋ ಮೇಲು.

2002ರ ಮೇನಲ್ಲಿ ಚಾರ್ಲ್ಟನ್ ವಿರುದ್ಧ ನಾಯಕನಾಗಿ ಆಡಿ ಯುನೈಟೆಡ್ ಬಿಟ್ಟ. ವಯಸ್ಸು 36. ಅಷ್ಟಕ್ಕೇ ನಿಲ್ಲಿಸದೆ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಸೇರಿ ಒಂದು ಡಿವಿಷನ್ ಕೆಳಗೆ ಇಳಿದ, ಮತ್ತೆ ರೈಟ್ ಬ್ಯಾಕ್ ಆದ. 2003ರ ಮೇ 26ರಂದು ಕಾರ್ಡಿಫ್‌ನ ಪ್ಲೇಆಫ್ ಫೈನಲ್‌ನಲ್ಲಿ ಶೆಫೀಲ್ಡ್ ಯುನೈಟೆಡ್‌ಗೆ 3-0 ಹೊಡೆದು ತಂಡ ಪ್ರೀಮಿಯರ್ ಲೀಗಿಗೆ ಏರಿತು. ಹದಿನಾರು ವರ್ಷ ಹಿಂದೆ ಓಲ್ಡಮ್‌ನಲ್ಲಿ ಕೈತಪ್ಪಿದ ಪ್ಲೇಆಫ್ ಕೊನೆಗೂ ಅವನಿಗೆ ದಕ್ಕಿತು ಅಂತ ನನಗೆ ಬಹಳ ಸಂತೋಷ. 2004ರಲ್ಲಿ, 38ರ ವಯಸ್ಸಿನಲ್ಲಿ, ಆಟ ನಿಲ್ಲಿಸಿದ.

ಹುಡುಗನಿಗೆ ಮೊದಲು 1994ರ ಎಫ್‌ಎ ಕಪ್ ಫೈನಲ್ ಪೂರ್ತಿ ತೋರಿಸು, ಚೆಂಡು ಆಚೆ ಬದಿಯಲ್ಲಿದ್ದಾಗ ಇರ್ವಿನ್ ಎಲ್ಲಿ ನಿಂತಿರುತ್ತಾನೆ ಅನ್ನುವುದನ್ನೇ ನೋಡಲು ಹೇಳು. ಬರೀ ಗೋಲುಗಳ ತುಣುಕಿನಲ್ಲಿ ಅದು ಕಾಣುವುದಿಲ್ಲ. ಮತ್ತೆ ಬರೆಯುವಾಗ ನಿನ್ನ ಲೆಫ್ಟ್ ವಿಂಗರ್ ಯಾವ ಕಾಲಿನವನು ಅಂತ ತಿಳಿಸು. ಅವನೂ ಬಲಗಾಲಿನವನಾದರೆ ಒಳಕ್ಕೇ ತಿರುಗುತ್ತಾನೆ. ಆಗ ಹುಡುಗ ಗೆರೆ ಹಿಡಿದೇ ಓಡಬೇಕಾಗುತ್ತದೆ, ಎಡಗಾಲಿನ ಕ್ರಾಸ್‌ಗೆ ಬೇರೆಯೇ ಅಭ್ಯಾಸ ಬೇಕು.

ಇಂತಿ,
ನಿನ್ನ ಗೆಳೆಯ