ಮಿರ್ಚಿಯ ಕಾಲು ಕಾದವರಿಗೆ

ನಿನ್ನೆ ಬೆಳಿಗ್ಗೆ ನಮ್ಮ ನಾಯಿ ಮಿರ್ಚಿ ನಾಲ್ಕೂ ಕಾಲೂರಿ ನಮ್ಮ ಗೇಟಿನಿಂದ ಹಾಲಿನ ಬೂತಿನವರೆಗೆ ನಡೆದಳು. ಜಾಸ್ತಿ ದೂರ ಏನಲ್ಲ, ನೂರು ಹೆಜ್ಜೆ. ಹಿಂದಿನ ಬಲಗಾಲು ಇನ್ನೂ ಸ್ವಲ್ಪ ಎಳೆಯುತ್ತೆ. ಆದರೆ ಮೊನ್ನೆ ತೆಗೆಸಿದ ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ, ಹೊಲಿಗೆ ಹಾಕಿದ ಜಾಗದಲ್ಲಿ ಕೂದಲು ಬಂದು ಗೆರೆ ಹುಡುಕಬೇಕು ಹಾಗಾಗಿದೆ. ಬೂತಿನ ಹತ್ತಿರ ನಿಂತವರೆಲ್ಲ ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ನೋಡುತ್ತಾ ನಿಂತುಬಿಟ್ಟರು, ಒಬ್ಬರು ಚಪ್ಪಾಳೆ ಕೂಡ ತಟ್ಟಿದರು. ಅಲ್ಲೇ ಎಲ್ಲರಿಗೂ ಥ್ಯಾಂಕ್ಸ್ ಹೇಳೋಣ ಅಂತ ಬಾಯಿ ತೆರೆದೆ. ಗಂಟಲು ಕಟ್ಟಿತು. ಸುಮ್ನೆ ಮನೆಗೆ ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೀನಿ.

ಮಿರ್ಚಿ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮದು ದಾವಣಗೆರೆ, ನಿಟುವಳ್ಳಿ. ಮೂರು ವರ್ಷದ ಹಿಂದೆ ಖಾರ ಮಂಡಕ್ಕಿ, ಮಿರ್ಚಿ ಮಾರುವ ಗಾಡಿಯ ಕೆಳಗೆ ಒಂದು ಕಂದು ಬಣ್ಣದ ಮರಿ ಮಲಗಿರುತ್ತಿತ್ತು, ಒಂದು ಮಳೆ ಸಂಜೆ ನನ್ನ ಹಿಂದೆಯೇ ಮನೆಗೆ ಬಂತು, ಅಮ್ಮ "ಒಂದು ರಾತ್ರಿ ಮಾತ್ರ" ಅಂದರು. ಆ ಒಂದು ರಾತ್ರಿ ಇನ್ನೂ ಮುಗಿದಿಲ್ಲ.

ಈ ಸಲ ಕಾರ ಹುಣ್ಣಿಮೆಯ ಹಿಂದಿನ ದಿನ ಬೈಕೊಂದು ಅವಳ ಕಾಲಿನ ಮೇಲೆ ಹೋಯಿತು. ಯಾರು ಏನು ಅಂತ ಕೆದಕುವುದಿಲ್ಲ, ಗೇಟು ತೆರೆದಿಟ್ಟಿದ್ದು ನಾನೇ. ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡಾಗಿತ್ತು. ಆ ರಾತ್ರಿ ಅವಳ ನರಳಾಟ ಕೇಳಲಾಗದೆ ನಾನು ಮೆಡಿಕಲ್ ಶಾಪಿಗೆ ಓಡಿ ನೋವಿನ ಮಾತ್ರೆ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ಮಾತ್ರೆ ತೆಗೆದೂ ಆಗಿತ್ತು, ನಾನು ಬಾಯಿತಪ್ಪಿ "ಅರ್ಧ ಸಾಕಲ್ವಾ, ನಾಯಿಗೆ" ಅಂದೆ. ಅವನು ಶೀಟನ್ನು ವಾಪಸ್ ಎಳೆದುಕೊಂಡುಬಿಟ್ಟ. "ನಾಯಿಗಾದ್ರೆ ಕೊಡಲ್ಲ ಅಕ್ಕ, ಮೊದಲು ಡಾಕ್ಟರಿಗೆ ಫೋನ್ ಮಾಡಿ." ಆಗ ನನಗೆ ಎಂಥ ಸಿಟ್ಟು ಬಂದಿತ್ತು ಅಂದರೆ ಹೇಳುವ ಹಾಗಿಲ್ಲ. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ನಾಯಿಯ ಲಿವರ್ ಹಾಳು ಮಾಡಬಹುದು, ಐಬುಪ್ರೊಫೆನ್ ಆದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೂ ಪೆಟ್ಟು. ನಾಯಿಗೆ ನಾಯಿಯ ತೂಕ ನೋಡಿ ಕೊಡುವ ಔಷಧಿಯೇ ಬೇಕು. ತಮ್ಮಾ, ಅವತ್ತು ನಿನಗೆ ಮುಖ ಗಂಟು ಹಾಕಿಕೊಂಡು ಹೋದವಳು ನಾನೇ. ನನ್ನ ಮೊದಲ ಥ್ಯಾಂಕ್ಸ್ ನಿನಗೆ.

ಎರಡು ದಿನ ಬಿಟ್ಟು ಆಪರೇಷನ್ ಆಯಿತು. ಪ್ಲೇಟು, ಆರು ಸ್ಕ್ರೂ, ಹೊರಗೆ ಒಂಬತ್ತು ಹೊಲಿಗೆ. ಡಾಕ್ಟರ್ ಕೈ ತೊಳೆದು ಹೊರಗೆ ಬಂದು, "ನನ್ನ ಕೆಲಸ ಮುಗೀತು, ಇನ್ನು ನಿಮ್ಮದು ಶುರು" ಅಂದರು. ನಾನು ತಮಾಷೆ ಅಂದುಕೊಂಡೆ. ಅಲ್ಲ, ಅವರು ಸೀರಿಯಸ್ಸಾಗೇ ಹೇಳಿದ್ದು. ಹೊಲಿಗೆ ಬಿಚ್ಚಲು ಹತ್ತರಿಂದ ಹದಿನಾಲ್ಕು ದಿನ, ಮೂಳೆ ಕೂಡಲು ಎಂಟು ವಾರ, ಅಷ್ಟು ದಿನ ಹಾರುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ, ನೆಕ್ಕುವಂತಿಲ್ಲ, ನೆನೆಯುವಂತಿಲ್ಲ. ಮಳೆಗಾಲದಲ್ಲಿ, ಮೂರು ವರ್ಷದ ನಾಯಿಗೆ!

ಅಲ್ಲಿನ ಕಂಪೌಂಡರ್ ಅಣ್ಣನಿಗೆ ಪ್ರತ್ಯೇಕವಾಗಿ ಹೇಳಬೇಕು. ಬ್ಯಾಂಡೇಜಿನ ತುದಿಯಲ್ಲಿ ನಡುವಿನ ಎರಡು ಬೆರಳು ಮಾತ್ರ ಕಾಣುವ ಹಾಗೆ ಬಿಟ್ಟಿದ್ದರು. ನಾನು ಪಟ್ಟಿ ಸಾಲಲಿಲ್ಲವೇನೋ ಅಂದುಕೊಂಡಿದ್ದೆ. ಅವರು ನನ್ನ ಕೈ ಹಿಡಿದು ಆ ಬೆರಳು ಮುಟ್ಟಿಸಿದರು. "ಬೆಳಿಗ್ಗೆ, ರಾತ್ರಿ ಹೀಗೆ ಮುಟ್ಟಿ ನೋಡ್ರೀ. ಬೆಚ್ಚಗಿರಬೇಕು, ಎರಡೂ ಉಗುರು ಒಂದಕ್ಕೊಂದು ಹತ್ತಿರ ಇರಬೇಕು. ಉಗುರು ದೂರ ಸರಿದರೆ ಬೆರಳು ಬಾತಿದೆ ಅಂತ, ಪಟ್ಟಿ ಬಿಗಿಯಾಗಿದೆ ಅಂತ. ಬೆಳಗಾಗಲಿ ಅಂತ ಕಾಯಬೇಡಿ." ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಹಾಗೇ ಆಯಿತು. ಬೆರಳು ತಣ್ಣಗೆ, ಉಗುರು ಅಗಲ. ಫೋನ್ ಮಾಡಿದೆ, ಅವರೇ ಬೈಕಿನಲ್ಲಿ ಬಂದು ಬಿಚ್ಚಿ ಸಡಿಲವಾಗಿ ಕಟ್ಟಿಕೊಟ್ಟು ಹೋದರು, ಕಾಫಿಯನ್ನೂ ಕುಡಿಯಲಿಲ್ಲ.

ಇನ್ನೊಂದು ಉಪಾಯವೂ ಅವರದ್ದೇ. ಖಾಲಿಯಾದ ಗ್ಲೂಕೋಸ್ ಚೀಲದ ಮೇಲ್ಭಾಗ ಕತ್ತರಿಸಿ, ಅಂಚಿಗೆ ಎರಡು ತೂತು ಮಾಡಿ ದಾರ ಪೋಣಿಸಿ ಕೊಟ್ಟರು. ಹೊರಗೆ ಉಚ್ಚೆಗೆ ಕರೆದೊಯ್ಯುವಾಗ ಪಾದಕ್ಕೆ ಬೂಟಿನ ಹಾಗೆ ಹಾಕುವುದು, ಒಳಗೆ ಬಂದ ಕೂಡಲೇ ತೆಗೆಯುವುದು. ತೆಗೆಯದಿದ್ದರೆ ಒಳಗೇ ಬೆವರಿ ಪಟ್ಟಿ ಒದ್ದೆಯಾಗುತ್ತೆ, ಒದ್ದೆ ಪಟ್ಟಿಗಿಂತ ಪಟ್ಟಿ ಇಲ್ಲದಿರುವುದೇ ವಾಸಿ ಅಂತೆ. ಅಂಗಡಿಯ ಕ್ಯಾರಿಬ್ಯಾಗು ಎರಡು ಹೆಜ್ಜೆಗೆ ಹರಿಯುತ್ತಿತ್ತು, ಈ ಚೀಲ ಬ್ಯಾಂಡೇಜು ತೆಗೆಯುವವರೆಗೂ ಬಂತು.

ಇನ್ನು ಕೋನ್, ಗಾಯ ನೆಕ್ಕದ ಹಾಗೆ ನಾಯಿಯ ಕುತ್ತಿಗೆಗೆ ಹಾಕುವ ಲಾಳಿಕೆಯಂಥದ್ದು. ಅದಕ್ಕೆ ಪೂರ್ತಿ ಹೆಸರು ಎಲಿಜಬೆತನ್ ಕಾಲರ್. ಇಂಗ್ಲೆಂಡಿನಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ ದೊಡ್ಡ ಮನುಷ್ಯರು ಕುತ್ತಿಗೆಗೆ ನಿರಿಗೆ ಹಿಡಿದ ಅಗಲವಾದ ಪಟ್ಟಿ ಹಾಕಿಕೊಳ್ಳುತ್ತಿದ್ದರು, ಅದರ ಹಾಗೆ ಕಾಣುತ್ತೆ ಅಂತ ಆ ಹೆಸರು. ನಮ್ಮ ಬೀದಿ ಮಕ್ಕಳಿಗೆ ರಾಣಿ ಕಾಣಲಿಲ್ಲ, ಗಣಪತಿ ಪೆಂಡಾಲಿನ ಮೈಕ್ ಕಂಡಿತು. "ಮೈಕ್ ಬಂತು, ಮೈಕ್ ಬಂತು" ಅಂತ ಎರಡು ವಾರ ಕೂಗಿದರು. ಮಿರ್ಚಿ ಅದನ್ನು ಹಾಕಿಕೊಂಡು ಎಲ್ಲ ಬಾಗಿಲಿಗೂ ಡಿಕ್ಕಿ ಹೊಡೆದಳು, ಅಮ್ಮನ ಮೊಣಕಾಲಿಗೂ. ನೀರು ಕುಡಿಯಲು ಆಗುತ್ತಿರಲಿಲ್ಲ, ಬಟ್ಟಲನ್ನು ಮಣೆಯ ಮೇಲೆ ಇಟ್ಟ ಮೇಲೆ ಸರಿಹೋಯಿತು.

ಈಗ ನನ್ನ ತಪ್ಪಿನ ಕಥೆ. ಮುಚ್ಚಿಟ್ಟು ಥ್ಯಾಂಕ್ಸ್ ಹೇಳಿದರೆ ಅದು ಅರ್ಧ ಥ್ಯಾಂಕ್ಸ್. ಐದನೇ ದಿನಕ್ಕೆ ಬ್ಯಾಂಡೇಜು ತೆಗೆದಿದ್ದರು, ಗಾಯ ಒಣಗುತ್ತಿತ್ತು. ಸಂಜೆ ಅವಳು ಕೋನಿನೊಳಗಿಂದ ನನ್ನ ಮುಖ ನೋಡಿದ ರೀತಿಗೆ ಕರುಳು ಚುರುಕ್ ಅಂತು. ಹತ್ತು ನಿಮಿಷ ಬಿಡೋಣ, ನಾನು ಪಕ್ಕದಲ್ಲೇ ಇರುತ್ತೀನಲ್ಲ ಅಂತ ಬಿಚ್ಚಿದೆ. ಒಲೆಯ ಮೇಲೆ ಹಾಲು ಉಕ್ಕಿದ ಸದ್ದಾಯಿತು. ಎದ್ದು ಹೋಗಿ, ಉರಿ ಆರಿಸಿ, ಬಂದೆ. ಅಷ್ಟೇ. ಅಷ್ಟರಲ್ಲಿ ಎರಡು ಹೊಲಿಗೆ ಕಿತ್ತು ಹಾಕಿದ್ದಳು, ಗಾಯದ ಬಾಯಿ ತೆರೆದು ಒಳಗಿನ ಕೆಂಪು ಕಾಣುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ, ಅವಳು ನನ್ನ ಕೈ ನೆಕ್ಕಿದಳು, ಅದೇ ಬಾಯಿಂದ.

ಡಾಕ್ಟರ್ ಬೈಯುತ್ತಾರೆ ಅಂದುಕೊಂಡು ಹೋದೆ. ಬೈಯಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತೊಳೆದು, ಎರಡು ಹೊಲಿಗೆ ಮತ್ತೆ ಹಾಕಿದರು. "ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತೆ ಅಂತಾರಲ್ಲ ಸಾರ್" ಅಂತ ಕೇಳಿದೆ, ನನ್ನ ಮನಸ್ಸಿನ ಸಮಾಧಾನಕ್ಕೆ. ಅವರು ನಕ್ಕರು. ಜೊಲ್ಲಿನಲ್ಲಿ ಒಂದಿಷ್ಟು ಒಳ್ಳೆಯ ಗುಣ ಇರಬಹುದು, ಆದರೆ ಬಾಯಲ್ಲಿ ಬ್ಯಾಕ್ಟೀರಿಯಾಗಳೂ ತುಂಬಾ ಇರುತ್ತವೆ, ಉಜ್ಜಿ ಉಜ್ಜಿ ನೆಕ್ಕಿದರೆ ಹೊಸ ಚರ್ಮ ಕಿತ್ತು ಬರುತ್ತೆ, ಒದ್ದೆ ಜಾಗ ಮಾಯುವುದೂ ಇಲ್ಲ ಅಂದರು. ಕೋನಿನ ಅಂಚು ಮೂಗಿಗಿಂತ ಮುಂದೆ ಚಾಚಿರಬೇಕು, ನಮ್ಮದು ಗಿಡ್ಡ ಅಂತ ದೊಡ್ಡದು ಕೊಟ್ಟರು. ಕುತ್ತಿಗೆಯ ಹತ್ತಿರ ಎರಡು ಬೆರಳು ತೂರುವಷ್ಟು ಜಾಗ, ಅಷ್ಟೇ, ಜಾಸ್ತಿ ಬಿಟ್ಟರೆ ತಲೆ ಜಾರಿಸಿಕೊಳ್ಳುತ್ತಾಳೆ. ಹೊರಡುವಾಗ ಒಂದು ಮಾತು ಹೇಳಿದರು: "ಪಾಪ ಅನ್ನಿಸಿದಾಗ ಬಿಸ್ಕೆಟ್ ಕೊಡಿ, ಕೋನ್ ಬಿಚ್ಚಬೇಡಿ."

ಈ ಸುದ್ದಿ ಟೈಲರ್ ಅಕ್ಕನ ಕಿವಿಗೆ ಬಿತ್ತು. ಮರುದಿನ ಟೇಪು ಕುತ್ತಿಗೆಗೆ ಹಾಕಿಕೊಂಡೇ ಬಂದರು, ಬ್ಲೌಸಿಗೆ ಅಳತೆ ತೆಗೆಯುವ ಗಂಭೀರ ಮುಖದಲ್ಲಿ ಮಿರ್ಚಿಯ ಸೊಂಟ, ತೊಡೆ, ಬೆನ್ನು ಎಲ್ಲ ಅಳೆದರು. ಹಳೇ ಬನಿಯನ್ ಬಟ್ಟೆಯಲ್ಲಿ ಒಂಟಿ ಕಾಲಿನ ಪ್ಯಾಂಟು ಹೊಲಿದರು. ಬಾಲಕ್ಕೆ ತೂತು, ಬೆನ್ನ ಮೇಲೆ ಕಟ್ಟಲು ಲಾಡಿ. ಗಾಳಿ ಆಡಬೇಕು ಅಂತ ಸಡಿಲ ಬಿಟ್ಟಿದ್ದರು, ಎಲಾಸ್ಟಿಕ್ ಹಾಕಿದರೆ ಬಿಗಿದು ರಕ್ತದ ಓಡಾಟ ನಿಲ್ಲುತ್ತೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾವೇ ಯೋಚಿಸಿದ್ದು. ಮೂರು ಜೊತೆ, ದಿನಾ ಒಗೆದು ಬದಲಿಸಲು. ಕೋನಿನ ಜೊತೆಗೆ ಇದೂ ಇದ್ದಿದ್ದರಿಂದ ರಾತ್ರಿ ನಾನು ನಿದ್ದೆ ಮಾಡಿದೆ. ದುಡ್ಡು ಕೇಳಿದರೆ "ಹಬ್ಬದ ಬಟ್ಟೆ ರಾಶಿ ಬಿದ್ದೈತೆ, ಲೆಕ್ಕ ಆಮೇಲೆ" ಅಂದರು. ಅಕ್ಕ, ಪಂಚಮಿಯೂ ಹೋಯಿತು, ಆ ಲೆಕ್ಕ ಇನ್ನೂ ಬಂದಿಲ್ಲ.

ಎದುರುಮನೆ ಅಜ್ಜಿಗೂ ನನಗೂ ಅರಿಶಿನದ ವಿಷಯಕ್ಕೆ ಸ್ವಲ್ಪ ಜಟಾಪಟಿ ಆಗಿತ್ತು. ಅವರು ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಬಟ್ಟಲಲ್ಲಿ ತಂದಿದ್ದರು. ಡಾಕ್ಟರ್ ಅರಿಶಿನ ಬೇಡ, ಸ್ಪಿರಿಟ್, ಡೆಟಾಲ್ ಕೂಡ ಬೇಡ, ಅವು ಹೊಸ ಚರ್ಮ ಸುಡುತ್ತವೆ, ತಾವು ಕೊಟ್ಟದ್ದು ಬಿಟ್ಟು ಏನೂ ಹಚ್ಚಬೇಡಿ ಅಂದಿದ್ದರು. ಅಜ್ಜಿಗೆ ಬೇಜಾರಾಯಿತು. ಎರಡು ದಿನ ಮಾತಿಲ್ಲ. ಮೂರನೇ ದಿನ ತಮ್ಮ ಮಂಚದ ಸೊಳ್ಳೆ ಪರದೆಯನ್ನೇ ಬಿಚ್ಚಿ ತಂದರು. "ಎಣ್ಣೆ ಬ್ಯಾಡಂದ್ರೆ ಬ್ಯಾಡ, ನೊಣಾನಾದ್ರೂ ಕೂಡದಂಗೆ ನೋಡ್ಕೋ. ನಮ್ಮೂರಾಗೆ ದನದ ಗಾಯಕ್ಕೆ ಹುಳ ಬಿದ್ದಿದ್ದು ನೋಡೀನಿ." ಅದು ನಿಜವಾದ ಭಯ. ಮಳೆಗಾಲದಲ್ಲಿ ನೊಣ ಗಾಯದ ಮೇಲೆ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗಬಹುದು. ಹಳೇ ಮಂಚವನ್ನು ಅಡ್ಡ ನಿಲ್ಲಿಸಿ ಮೂಲೆಯಲ್ಲಿ ಮಾಡಿದ್ದ ಮಿರ್ಚಿಯ ಪುಟ್ಟ ಕೋಣೆಗೆ ಆ ಪರದೆ ಸರಿಯಾಗಿ ಕೂತಿತು. ಅಜ್ಜಿ ಎರಡು ವಾರ ಸೊಳ್ಳೆಬತ್ತಿ ಹಚ್ಚಿಕೊಂಡು ಮಲಗಿದರು.

ಎದುರುಮನೆಯ ಮೊಮ್ಮಗ, ಎಂಟನೇ ಕ್ಲಾಸು, ದಿನಾ ಸ್ಕೂಲಿಗೆ ಹೋಗುವ ಮುಂಚೆ ಬಂದು ಗಾಯದ ಫೋಟೋ ತೆಗೆಯುತ್ತಿದ್ದ. ಅದೇ ಕಿಟಕಿ, ಅದೇ ಬೆಳಕು. ದಿನಾ ನೋಡುವ ನಮಗೆ ಬದಲಾವಣೆ ಗೊತ್ತಾಗುವುದಿಲ್ಲ, ಫೋಟೋ ಪಕ್ಕ ಪಕ್ಕ ಇಟ್ಟರೆ ಊತ ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯುತ್ತೆ. ಎಂಟನೇ ದಿನದ ಫೋಟೋದಲ್ಲಿ ಒಂದು ಮೂಲೆ ಜಾಸ್ತಿ ಕೆಂಪಾಗಿದೆ ಅಂತ ಅವನೇ ಹೇಳಿದ, ಡಾಕ್ಟರಿಗೆ ಕಳಿಸಿದೆವು, ಕೀವಿಲ್ಲ, ವಾಸನೆ ಇಲ್ಲ, ನಾಳೆ ಮತ್ತೆ ಕಳಿಸಿ ಅಂದರು. ಮರುದಿನ ಇಳಿದಿತ್ತು. ಹನ್ನೆರಡನೇ ದಿನ ಮೊದಲ ಹೊಲಿಗೆಗಳನ್ನು ಬಿಚ್ಚಿದರು, ಮತ್ತೆ ಹಾಕಿದ ಎರಡನ್ನು ಇನ್ನೂ ನಾಲ್ಕು ದಿನ ಬಿಟ್ಟು.

ಅಮ್ಮನ ಬಗ್ಗೆ ಬರೆದರೆ ಅವರಿಗೆ ಇಷ್ಟ ಆಗುವುದಿಲ್ಲ, ಚಿಕ್ಕದಾಗಿ ಬರೆಯುತ್ತೀನಿ. ತಮ್ಮ ಹಳೇ ಕಾಟನ್ ಸೀರೆ ಮಡಚಿ ಮಿರ್ಚಿಯ ಹೊಟ್ಟೆ ಕೆಳಗೆ ಹಾಯಿಸಿ, ಎರಡೂ ತುದಿ ಮೇಲೆತ್ತಿ ಹಿಡಿದು, ರಾತ್ರಿ ಎರಡು ಗಂಟೆಗೆ, ಜಿಟಿಜಿಟಿ ಮಳೆಯಲ್ಲಿ, ಅವಳನ್ನು ಹಿತ್ತಲಿಗೆ ನಡೆಸಿದ್ದು ಅಮ್ಮ. ನಾನು ಕೊಡೆ ಹಿಡಿದಿದ್ದೆ, ಅಷ್ಟೇ. ಮಾತ್ರೆಯನ್ನು ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಬಚ್ಚಿಟ್ಟು ನುಂಗಿಸುವುದನ್ನು ಕಂಡುಹಿಡಿದದ್ದೂ ಅವರೇ. ಅದಕ್ಕೂ ಮುಂಚೆ ನಾನು ಬೆಣ್ಣೆ ದೋಸೆಯ ಚೂರಿನಲ್ಲಿ ಕೊಡುತ್ತಿದ್ದೆ, ದಾವಣಗೆರೆ ನಾಯಿ ಅಲ್ವಾ, ಬೇಡ ಅನ್ನುತ್ತಾಳಾ! ಡಾಕ್ಟರ್ ಅಷ್ಟು ಬೆಣ್ಣೆ ಬೇಡ, ಕೂತಲ್ಲೇ ಇರುವ ನಾಯಿ ದಪ್ಪ ಆದರೆ ಆ ಭಾರ ಕಾಲಿನ ಮೇಲೇ ಬೀಳುತ್ತೆ ಅಂದರು.

ಕೊನೆಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹಿಂದಿನ ಮನೆಯ ಅಣ್ಣ. ನಮ್ಮ ಮನೆಯದು ನುಣುಪು ಟೈಲ್ಸ್. ಮೂರು ಕಾಲಲ್ಲಿ ಕುಪ್ಪಳಿಸುವ ನಾಯಿ ಒಂದು ಸಲ ಜಾರಿದರೂ ಪ್ಲೇಟಿನ ಗತಿ ಮುಗಿಯಿತು. ಬೆಡ್‌ಶೀಟ್ ಹಾಸಿದೆ, ಅದೂ ಅವಳ ಜೊತೆಗೇ ಜಾರಿತು. ಅಣ್ಣ ನೋಡಿದರು, ಏನೂ ಹೇಳಲಿಲ್ಲ, ಸಂಜೆ ಕೆಲಸ ಮುಗಿಸಿ ಬರುವಾಗ ಹನ್ನೊಂದು ಗೋಣಿಚೀಲ ಹೊತ್ತು ತಂದರು. ಅಡುಗೆಮನೆಯಿಂದ ಹಿತ್ತಲ ಬಾಗಿಲವರೆಗೂ ರಸ್ತೆ ಹಾಕಿದ ಹಾಗೆ ಹಾಸಿ, ಅಂಚಿಗೆ ಟೇಪು ಅಂಟಿಸಿ ಹೋದರು. ಎಂಟು ವಾರ ನಮ್ಮ ಮನೆಯೆಲ್ಲ ಮಂಡಕ್ಕಿ ಘಮ. ಮಿರ್ಚಿ ಒಂದು ಸಲವೂ ಜಾರಲಿಲ್ಲ.

ನಿನ್ನೆ ಸಂಜೆ ಆ ಚೀಲಗಳನ್ನು ಒಗೆದು, ಒಣಗಿಸಿ, ಮಡಚಿ ವಾಪಸ್ ಕೊಡಲು ಹೋದೆ. ಮಿರ್ಚಿಯೂ ಹಿಂದೆ ಬಂದಳು. ಅಣ್ಣ ಒಂದನ್ನು ಎತ್ತಿ ಮೂಸಿ ನೋಡಿ ಹಾಗೇ ನನ್ನ ಕೈಗೆ ಕೊಟ್ಟರು. "ಇಟ್ಕೊಳ್ರೀ. ಇದರಾಗೆ ಮಂಡಕ್ಕಿ ತುಂಬಿದ್ರೆ ಊರ ನಾಯಿಗಳೆಲ್ಲ ಭಟ್ಟಿಗೆ ಬರ್ತಾವೆ."