ಒಂದೇ ಫೋನ್‌ನಲ್ಲಿ ಎರಡು ತಾರೀಖು

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಕಳೆದ ವಾರ ಸೀರೆ ನೇಯುವ ಮನೆಯ ಅಮ್ಮ ಒಬ್ಬರು 2018ರಲ್ಲಿ ಕೊಂಡ ಫೋನ್ ತಂದರು. ಗಿರಾಕಿಗಳಿಗೆ ಸೀರೆ ಫೋಟೊ ಕಳಿಸುವುದು, ದುಡ್ಡು ಬಂತೇ ಎಂದು ನೋಡುವುದು ಎಲ್ಲ ಅದರಲ್ಲೇ. ಕಂಪನಿ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾಗಿವೆ. "ತಮ್ಮಾ, ಸ್ಕ್ರೀನ್ ಚಲೋ ಐತಿ, ಬ್ಯಾಟರಿ ನೀನ ಹಾಕಿಕೊಟ್ಟಿ. ಮತ್ತ ಹೊಸಾದು ಯಾಕ ತೊಗೋಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ?

ಇಂಥ ಫೋನ್‌ಗಳಿಗೆ ನಾನು ಲೀನಿಯೇಜ್ ಓಎಸ್ ಹಾಕಿಕೊಡುತ್ತೇನೆ. ಕಂಪನಿ ಕೈಬಿಟ್ಟ ಫೋನ್‌ಗಳಿಗೂ ಹೊಂದುವಂತೆ ಸ್ವಯಂಸೇವಕರು ಸಂಬಳವಿಲ್ಲದೆ ನೋಡಿಕೊಳ್ಳುವ ಆಂಡ್ರಾಯ್ಡ್ ಸಾಫ್ಟ್‌ವೇರ್ ಅದು. ಹಾಕಿದ ಮೇಲೆ ಸೆಟ್ಟಿಂಗ್ಸ್ ತೆರೆದು ಅಮ್ಮನಿಗೆ ತೋರಿಸಿದೆ. ಅಲ್ಲಿ ಎರಡು ತಾರೀಖುಗಳಿದ್ದವು. ಮೇಲೆ ಆಂಡ್ರಾಯ್ಡ್ ಭದ್ರತಾ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಅದು ಹೊಸದು. ಕೆಳಗೆ ವೆಂಡರ್ ಪ್ಯಾಚ್, ಅಂದರೆ ಚಿಪ್ ಮತ್ತು ಫೋನ್ ಕಂಪನಿಯ ಭಾಗದ್ದು, ಅದು 2020ರದ್ದು.

ಆ ಕೆಳಗಿನ ತಾರೀಖೇ ನನ್ನ ಚಿಂತೆ. ನೆಟ್‌ವರ್ಕ್ ಹಿಡಿಯುವ ಮೋಡೆಮ್, ವೈಫೈ, ಗ್ರಾಫಿಕ್ಸ್, ಇವುಗಳ ಒಳಗಿನ ಸಾಫ್ಟ್‌ವೇರ್ ಹೆಚ್ಚಾಗಿ ಚಿಪ್ ಕಂಪನಿಯ ಕೈಯಲ್ಲೇ ಇರುತ್ತದೆ. ಅದರ ಸೋರ್ಸ್ ಕೋಡ್, ಅಂದರೆ ತಿದ್ದಲು ಬೇಕಾದ ಮೂಲ ಬರಹ, ಹೊರಗಿನವರಿಗೆ ಸಿಗುವುದಿಲ್ಲ. ಅಲ್ಲಿ ದೋಷವಿದ್ದರೆ ಸ್ವಯಂಸೇವಕರು ಎಷ್ಟೇ ಜಾಣರಿದ್ದರೂ ಏನೂ ಮಾಡಲಾಗುವುದಿಲ್ಲ.

ಮೇಲಿನ ತಾರೀಖು ಕೂಡ ಸುಮ್ನೆ ಬರುವುದಿಲ್ಲ. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ಬರೀ ಒಂದು ಎಂಎಂಎಸ್ ಕಳಿಸಿ ಫೋನ್ ಒಳಗೆ ನುಗ್ಗಬಹುದಿತ್ತು. ಆ ಆಗಸ್ಟ್‌ನಿಂದ ಗೂಗಲ್ ತಿಂಗಳಿಗೊಮ್ಮೆ ಭದ್ರತಾ ಬುಲೆಟಿನ್, ಅಂದರೆ ದೋಷ ಮತ್ತು ಪ್ಯಾಚ್‌ಗಳ ಪಟ್ಟಿ, ಹೊರಡಿಸುತ್ತಿದೆ. ದೊಡ್ಡ ಫೋನ್ ಕಂಪನಿಗಳಿಗೆ ಅದರ ವಿವರ ಕನಿಷ್ಠ ಒಂದು ತಿಂಗಳು ಮೊದಲೇ ಹೋಗುತ್ತದೆ. ಸ್ವಯಂಸೇವಕರಿಗೆ ಸಾಮಾನ್ಯವಾಗಿ ಎಲ್ಲರಿಗೂ ಬಿಟ್ಟ ದಿನವೇ ಗೊತ್ತಾಗುವುದು. ಅದೇ ದಿನ ಕಳ್ಳರಿಗೂ ಗೊತ್ತಾಗುತ್ತದೆ! ಆಮೇಲೆ ಆ ಪ್ಯಾಚನ್ನು ಫೋನ್‌ನ ಹಳೇ ಕರ್ನಲ್‌ಗೆ, ಅಂದರೆ ಸಾಫ್ಟ್‌ವೇರ್‌ನ ತಿರುಳಿಗೆ, ಹೊಂದಿಸಬೇಕು. ಒಂದೊಂದು ಮಾದರಿಯಲ್ಲೂ ಕ್ಯಾಮೆರಾ, ಕಾಲ್ ಸರಿಯಿವೆಯೇ ನೋಡಬೇಕು. ಎಷ್ಟೋ ಮಾದರಿಗಳಿಗೆ ಇರುವುದು ಒಬ್ಬರೇ ಸ್ವಯಂಸೇವಕರು. ಅವರಿಗೆ ಪರೀಕ್ಷೆ ಬಂದರೆ, ಮನೆಯಲ್ಲಿ ಕಷ್ಟ ಬಂದರೆ ಅಪ್‌ಡೇಟ್ ನಿಂತೇಹೋಗುತ್ತದೆ. ಈಗಂತೂ ಹೊರೆಯೂ ಒಂದೇ ಸಲಕ್ಕೆ ಬೀಳುತ್ತಿದೆ. 2025ರ ಜುಲೈ ಬುಲೆಟಿನ್‌ನಲ್ಲಿ ಒಂದೂ ಪ್ಯಾಚ್ ಇರಲಿಲ್ಲ, ಸೆಪ್ಟೆಂಬರ್‌ನಲ್ಲಿ ನೂರಕ್ಕೂ ಜಾಸ್ತಿ ಇದ್ದವು.

ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು. ಅದೇ ಫೋನ್ ನಮ್ಮ ಊರಲ್ಲೂ ಮಾರಾಟವಾಗುತ್ತದೆ. ಇಲ್ಲಿ ಯಾಕೆ ಬೇಡ? ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ಸಂತೋಷ. ಆದರೆ ಸ್ಕ್ರೀನ್, ಬ್ಯಾಟರಿ ಬದಲಿಸುವುದಷ್ಟೇ ರಿಪೇರಿಯಲ್ಲ. ಅಪ್‌ಡೇಟ್ ಯಾವ ತಾರೀಖಿಗೆ ನಿಲ್ಲುತ್ತದೆ ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಲಿ. ನಿಲ್ಲಿಸಿದ ದಿನ, ಬೇರೆ ಸಾಫ್ಟ್‌ವೇರ್ ಹಾಕದಂತೆ ತಡೆಯುವ ಬೂಟ್‌ಲೋಡರ್ ಬೀಗ ತೆಗೆಯಲು ಬಿಟ್ಟು, ಚಿಪ್‌ನ ಕೋಡ್ ಸ್ವಯಂಸೇವಕರಿಗೆ ಕೊಡಲಿ. ಇದನ್ನು ಕಾನೂನಿನಲ್ಲೇ ಸೇರಿಸಬೇಕು.

ಅಮ್ಮನ ಫೋನ್ ಇನ್ನೂ ನನ್ನ ಟೇಬಲ್ ಮೇಲಿದೆ. ಫೋಟೊ, ಕಾಲ್‌ಗೆ ಬಳಸಿ, ದುಡ್ಡಿನ ಆ್ಯಪ್ ಮಾತ್ರ ಮಗನ ಫೋನ್‌ನಲ್ಲಿ ಇಟ್ಟುಕೊಳ್ಳಿ ಎಂದು ಹೇಳಿ ನಾಳೆ ಕೊಡುತ್ತೇನೆ.

– ಮೊಬೈಲ್ ರಿಪೇರಿಗಾರ, ಬೆಟಗೇರಿ, ಗದಗ